ದಸರಾ ರಜೆ ಮತ್ತು ಮಕ್ಕಳ ಪುಸ್ತಕ: ಗೊಂಬೆ ನೋಡಲು ಬರುವ ಮಕ್ಕಳ ಕೈಗೆ ಏನು ಕೊಡೋಣ?

ತ್ಯಾಗರಾಜನಗರ, ಇಬ್ಬರು ಮಕ್ಕಳ ತಾಯಿ

ಮಹಾಲಯ ಅಮಾವಾಸ್ಯೆ ಹತ್ತಿರವಾಗುತ್ತಿದೆ. ಮರುದಿನ ಪಾಡ್ಯಕ್ಕೆ ಪಟ್ಟದ ಗೊಂಬೆಗಳು ಮೆಟ್ಟಿಲೇರುತ್ತವೆ. ನಮ್ಮ ಬೀದಿಯ ಕೆಲವು ಮನೆಗಳಲ್ಲಿ ಈ ಪದ್ಧತಿ ಇನ್ನೂ ಗಟ್ಟಿಯಾಗಿ ಉಳಿದಿದೆ. ಸಂಜೆಯಾಗುತ್ತಲೇ ಮಕ್ಕಳು ಗುಂಪು ಕಟ್ಟಿಕೊಂಡು ಬಂದು, "ಗೊಂಬೆ ಕೂರಿಸಿದ್ದೀರಾ?" ಎಂದು ಬಾಗಿಲಲ್ಲೇ ಕೇಳಿ, ಒಳಗೆ ಬಂದು, ರಾಗಿ ಪೈರು ಬೆಳೆಸಿ ಮಾಡಿದ ಪಾರ್ಕನ್ನೂ ಅದರೊಳಗೆ ನಿಲ್ಲಿಸಿದ ಚನ್ನಪಟ್ಟಣದ ಆಟಿಕೆಗಳನ್ನೂ ನೋಡಿ, ಹೇಳಿಸಿದರೆ ಒಂದು ಹಾಡು ಹೇಳಿ, ಚರ್ಪು ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಾನು ಚಿಕ್ಕವಳಿದ್ದಾಗ ಚರ್ಪು ಎಂದರೆ ಕಡಲೆಕಾಳಿನ ಉಸಲಿ, ಕೊಬ್ಬರಿ ಸಕ್ಕರೆ, ಚಕ್ಕುಲಿ. ಈಗ ಹಲವು ಮನೆಗಳಲ್ಲಿ ಪ್ಲಾಸ್ಟಿಕ್ ಡಬ್ಬಿ, ಹೊಳೆಯುವ ಪೆನ್ಸಿಲ್ ಪೌಚು, ಚಾಕೊಲೇಟು ಬಂದಿವೆ. ಕೊಡುವವರ ಮನಸ್ಸು ದೊಡ್ಡದೇ. ಆದರೆ ಆ ವಸ್ತುವಿಗೂ ಅದನ್ನು ಕೊಟ್ಟ ಮನೆಗೂ ಯಾವ ನಂಟೂ ಇರುವುದಿಲ್ಲ. ಯಾರ ಮನೆಯಲ್ಲಿ ಸಿಕ್ಕಿತು ಎಂಬುದೂ ಮಗುವಿಗೆ ಮರುದಿನ ನೆನಪಿರುವುದಿಲ್ಲ.

ಈ ವರ್ಷ ನಮ್ಮ ಮನೆಯಲ್ಲಿ ಉಸಲಿಯ ಜೊತೆಗೆ ಒಂದೊಂದು ಮಕ್ಕಳ ಪುಸ್ತಕ ಕೊಡಬೇಕೆಂದುಕೊಂಡಿದ್ದೇನೆ. ಅಂಗಡಿಯಿಂದ ಹೊಸದಾಗಿ ಕೊಂಡು ತಂದ ಪುಸ್ತಕವಲ್ಲ, ನಮ್ಮ ಮಕ್ಕಳು ಓದಿ ಮುಗಿಸಿದ ಪುಸ್ತಕ. ಅದರ ಮೊದಲ ಖಾಲಿ ಪುಟದಲ್ಲಿ ಅದನ್ನು ಯಾರು ಓದಿದರು, ಎಲ್ಲಿ ನಕ್ಕರು, ನಮ್ಮ ಮನೆಯಲ್ಲಿ ಹಬ್ಬದ ದಿನ ಏನು ಮಾಡುತ್ತೇವೆ ಎಂದು ನಾಲ್ಕು ಸಾಲು ಬರೆದಿರಬೇಕು. ಬರಿಯ ಪುಸ್ತಕ ಕೊಟ್ಟರೆ ಅದು ಮತ್ತೊಂದು ಮನೆಯ ಕಪಾಟು ಸೇರುತ್ತದೆ. ಆ ಪುಸ್ತಕ ನಮ್ಮ ಮನೆಯಲ್ಲಿ ಹೇಗಿತ್ತು ಎಂಬುದನ್ನೂ ಸೇರಿಸಿ ಕೊಟ್ಟರೆ ಮಗು ಅದನ್ನು ತೆರೆದು ನೋಡುತ್ತದೆ ಎಂಬುದು ನನ್ನ ನಂಬಿಕೆ.

ನನಗೆ ಎರಡು ಸಂದೇಹಗಳಿವೆ. ನಮ್ಮ ಅತ್ತೆಯವರ ಕೈಬರಹದಲ್ಲಿ ಹೆಸರು, ಇಸವಿ ಇರುವ ಹಳೆಯ ಪುಸ್ತಕಗಳು ಕೆಲವಿವೆ, ಅವನ್ನೂ ಕೊಡಬಹುದೇ? ಹಬ್ಬದ ಕೊನೆಯ ದಿನಗಳಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟಿರುವಾಗ ಕೊಡುವುದು, ಓದುವುದು ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ರಾಜಾಜಿನಗರ, ಮೊಮ್ಮಕ್ಕಳಿರುವ ಅಜ್ಜಿ

ತಾಯಿ, ನಿಮ್ಮ ಯೋಚನೆ ನನಗೆ ಬಹಳ ಹಿಡಿಸಿತು. ಎರಡನೆಯ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನವಳು. ಸರಸ್ವತಿಯನ್ನು ಮೂಲಾ ನಕ್ಷತ್ರದಲ್ಲಿ ಆವಾಹಿಸಿ ಶ್ರವಣ ನಕ್ಷತ್ರದಲ್ಲಿ ವಿಸರ್ಜಿಸುವುದು ಕ್ರಮ. ನಡುವೆ ಇರುವುದು ಪೂರ್ವಾಷಾಢ, ಉತ್ತರಾಷಾಢ ಎರಡೇ ನಕ್ಷತ್ರಗಳು. ಹತ್ತು ದಿನಗಳ ಹಬ್ಬದಲ್ಲಿ ಪೂಜೆಗಿಟ್ಟ ಪುಸ್ತಕ ಮುಟ್ಟದೆ ಇರುವ ಕಾಲ ಅಷ್ಟೇ. ಪಾಡ್ಯದಿಂದ ಆವಾಹನೆಯವರೆಗೆ ನೀವು ಧಾರಾಳವಾಗಿ ಓದಬಹುದು, ಹಂಚಬಹುದು. ಪೂಜೆಯಲ್ಲಿ ಇಟ್ಟ ಪುಸ್ತಕಗಳನ್ನು ವಿಜಯದಶಮಿಯ ದಿನ ತೆಗೆದು, ಒಂದು ಪುಟವನ್ನಾದರೂ ಓದಿ, ಆಮೇಲೆ ಕೊಡಿ. ಆ ದಿನ ಚಿಕ್ಕ ಮಕ್ಕಳಿಗೆ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುತ್ತೇವಲ್ಲ, ಮೊದಲ ಪುಸ್ತಕ ಕೊಡುವುದಕ್ಕೂ ಅದಕ್ಕಿಂತ ಒಳ್ಳೆಯ ದಿನ ಇಲ್ಲ.

ಆದರೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಮಕ್ಕಳು ಗಣಿತದ ಪುಸ್ತಕವನ್ನು ತಾವಾಗಿಯೇ ಮೊದಲು ತಂದು ಪೂಜೆಗೆ ಇಡುತ್ತಾರೆ, ಆ ದಿನಗಳಲ್ಲಿ ಅದನ್ನು ಓದಬೇಕಾಗಿಲ್ಲ ಎಂಬ ಸಂತೋಷಕ್ಕೆ. ಅದು ಅವರ ಹಕ್ಕು, ಇರಲಿ. ಕಥೆಪುಸ್ತಕಗಳಲ್ಲಿ ಒಂದೆರಡನ್ನು ಮಾತ್ರ ಪೂಜೆಗಿಟ್ಟು ಉಳಿದವನ್ನು ಹೊರಗೇ ಬಿಡಿ. ಪೂಜೆಯ ನೆಪದಲ್ಲಿ ರಜೆಯ ಓದು ನಿಂತುಹೋಗಬಾರದು.

ವೈಟ್‌ಫೀಲ್ಡ್, ಎರಡನೆಯ ತರಗತಿಯ ಬಾಲಕಿಯ ತಂದೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿಯೂ ಹೀಗೆ ಮಾಡಬೇಕೆಂಬ ಆಸೆ ನನಗಿದೆ. ತೊಡಕು ಬೇರೆ. ನನ್ನ ಮಗಳು ಕನ್ನಡವನ್ನು ಸರಾಗವಾಗಿ ಮಾತನಾಡುತ್ತಾಳೆ, ಅಜ್ಜನ ಜೊತೆ ಜಗಳವನ್ನೂ ಕನ್ನಡದಲ್ಲೇ ಆಡುತ್ತಾಳೆ. ಆದರೆ ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಅವಳ ಸ್ನೇಹಿತರ ಸ್ಥಿತಿಯೂ ಅದೇ, ಕೆಲವರ ಮನೆಮಾತು ತಮಿಳು, ಬಂಗಾಳಿ, ಹಿಂದಿ. ಓದಲು ಬಾರದ ಪುಸ್ತಕವನ್ನು ಕೊಟ್ಟರೆ ಅದು ಮಗುವಿಗೆ ಅವಮಾನವಾಗುವುದಿಲ್ಲವೇ? ಅಂಥವರಿಗೆ ಇಂಗ್ಲಿಷ್ ಪುಸ್ತಕಗಳನ್ನೇ ಕೊಡುವುದು ಮೇಲೇ?

ವಿಜಯನಗರ, ನಿವೃತ್ತ ಗ್ರಂಥಪಾಲಕ

ವೈಟ್‌ಫೀಲ್ಡಿನ ಸರ್ ಕೇಳಿದ ಪ್ರಶ್ನೆಯೇ ಈ ಚರ್ಚೆಯ ನಡುಗಂಬ. ಸಾರ್ವಜನಿಕ ಗ್ರಂಥಾಲಯಗಳ ಮಕ್ಕಳ ವಿಭಾಗದಲ್ಲಿ ದೀರ್ಘ ಕಾಲ ಕೆಲಸ ಮಾಡಿದ ನನಗೆ ಖಚಿತವಾಗಿ ತಿಳಿದಿರುವ ಒಂದು ಸಂಗತಿಯೆಂದರೆ, ಮಗು ತಾನಾಗಿ ಓದುವ ಮಟ್ಟಕ್ಕೂ ಕೇಳಿ ಅರ್ಥ ಮಾಡಿಕೊಳ್ಳುವ ಮಟ್ಟಕ್ಕೂ ಬಹಳ ಅಂತರವಿರುತ್ತದೆ. ಒತ್ತಕ್ಷರದಲ್ಲಿ ನಿಲ್ಲುವ ನಿಮ್ಮ ಮಗಳು, ಯಾರಾದರೂ ಓದಿ ಹೇಳಿದರೆ, ತನಗಿಂತ ಮೂರು ತರಗತಿ ಮೇಲಿನ ಮಕ್ಕಳ ಪುಸ್ತಕವನ್ನು ಕಣ್ಣರಳಿಸಿ ಕೇಳುತ್ತಾಳೆ. ಆದ್ದರಿಂದ ಪುಸ್ತಕವನ್ನು ಕೊಡುವ ಮೊದಲು ಗೊಂಬೆಗಳ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಐದು ನಿಮಿಷ ಅದನ್ನೇ ಓದಿ ಹೇಳಿ. ಪೂರ್ತಿ ಓದಬೇಡಿ. ಕಥೆ ಕುತೂಹಲಕ್ಕೆ ಬಂದ ಕಡೆ ನಿಲ್ಲಿಸಿ, ಪುಸ್ತಕ ಕೈಗಿಡಿ. ಮನೆಗೆ ಹೋಗಿ ಮುಂದೇನಾಯಿತು ಎಂದು ಅಮ್ಮನನ್ನೋ ಅಜ್ಜನನ್ನೋ ಕಾಡುವುದು ಖಂಡಿತ. ಆಗ ಆ ಮನೆಯಲ್ಲಿಯೂ ಒಬ್ಬರು ಓದಿ ಹೇಳಬೇಕಾಗುತ್ತದೆ. ನಮಗೆ ಬೇಕಾಗಿರುವುದು ಅದೇ ಅಲ್ಲವೇ?

ಇಂಗ್ಲಿಷ್ ಪುಸ್ತಕ ಕೊಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಇಂಗ್ಲಿಷ್ ಪುಸ್ತಕ ಆ ಮಕ್ಕಳಿಗೆ ಹುಟ್ಟುಹಬ್ಬಕ್ಕೆ, ಶಾಲೆಯಲ್ಲಿ, ಅಂಗಡಿಯಲ್ಲಿ, ಎಲ್ಲೆಡೆ ಸಿಗುತ್ತದೆ. ಕನ್ನಡದ ಪುಸ್ತಕ ಸಿಗುವ ಸಂದರ್ಭವನ್ನು ನಾವೇ ಕಲ್ಪಿಸಬೇಕು.

ಯಾವ ವಯಸ್ಸಿಗೆ ಯಾವುದು ಎಂಬ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಮೂರು ನಾಲ್ಕು ವರ್ಷದವರಿಗೆ ಕಾಗಕ್ಕ ಗುಬ್ಬಕ್ಕನಂತೆ ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆಗಳು ಬೇಕು, ಮಗು ಆ ಮಾತನ್ನು ತಾನೂ ಸೇರಿ ಹೇಳುತ್ತದೆ. ಐದರಿಂದ ಎಂಟರವರೆಗೆ ಪದ್ಯ. ಪಂಜೆ ಮಂಗೇಶರಾಯರು, ಹೊಯಿಸಳ, ಜಿ.ಪಿ. ರಾಜರತ್ನಂ, ದಿನಕರ ದೇಸಾಯಿ ಇವರ ಮಕ್ಕಳ ಪದ್ಯಗಳಿಗೆ ಓದುವುದಕ್ಕಿಂತ ಬಾಯಲ್ಲಿ ಆಡಿಸುವುದೇ ಮುಖ್ಯವಾದ್ದರಿಂದ, ಅಕ್ಷರ ಬಾರದ ಮಗುವೂ ಹಿಂದೆ ಬೀಳುವುದಿಲ್ಲ. ಕುವೆಂಪು ಅವರ ಕಿಂದರಿಜೋಗಿಯನ್ನು ಇಬ್ಬರು ಮೂವರು ದೊಡ್ಡವರು ಸಾಲು ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಹತ್ತು ವರ್ಷದವರೂ ಕದಲುವುದಿಲ್ಲ. ಆಮೇಲಿನ ವಯಸ್ಸಿಗೆ ಭಾರತ ಭಾರತಿಯ ಕಿರುಪುಸ್ತಕಗಳಿವೆ. ಆ ಮಾಲೆಯಲ್ಲಿ 510 ಪುಸ್ತಕಗಳು ಬಂದವು. ಒಂದೊಂದೂ ಒಬ್ಬ ವ್ಯಕ್ತಿಯ ಜೀವನ, ಜೇಬಿನಲ್ಲಿ ಹಿಡಿಸುವ ಗಾತ್ರ. ಅನೇಕ ಮನೆಗಳ ಅಟ್ಟದಲ್ಲಿ ಅವು ಈಗಲೂ ಕಟ್ಟಾಗಿ ಬಿದ್ದಿವೆ.

ತಾಯಿಯವರ ಮೊದಲ ಸಂದೇಹದ ಬಗ್ಗೆ ನನ್ನ ಮಾತು ಸ್ಪಷ್ಟ: ಅತ್ತೆಯವರ ಕೈಬರಹ ಇರುವ ಪುಸ್ತಕಗಳನ್ನು ಕೊಡಬೇಡಿ. ಅವನ್ನು ಗೊಂಬೆಗಳ ಜೊತೆಗೆ ಒಂದು ಮೆಟ್ಟಿಲಿನಲ್ಲಿ ಇಡಿ. ಶಿವರಾಮ ಕಾರಂತರು 1936ರಲ್ಲಿ ತಂದ ಬಾಲ ಪ್ರಪಂಚದ ಮೂರು ಸಂಪುಟಗಳು ನಮ್ಮ ಮನೆಯಲ್ಲಿ ಪ್ರತಿ ವರ್ಷ ಹೀಗೆ ಮೆಟ್ಟಿಲೇರುತ್ತವೆ. ಅದರೊಳಗಿನ ವಿಜ್ಞಾನ ಇಂದಿಗೆ ಹಳೆಯದಾಗಿದೆ, ನಿಜ. ಆದರೂ ಮಗುವನ್ನು ಸರಿಸಮವಾಗಿ ಕೂರಿಸಿಕೊಂಡು ಜಗತ್ತಿನ ವಿಷಯ ಹೇಳುವ ಆ ಧಾಟಿ ಹಳೆಯದಾಗಿಲ್ಲ, ಮತ್ತು "ಆಗ ಹೀಗೆಂದುಕೊಂಡಿದ್ದರು, ಈಗ ಏನು ಗೊತ್ತಾಗಿದೆ ಹೇಳು" ಎಂದು ಮಕ್ಕಳನ್ನು ಕೇಳುವುದಕ್ಕೆ ಅಂಥ ಪುಸ್ತಕವೇ ಬೇಕು. ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು. ಅವರ ಹುಟ್ಟುಹಬ್ಬ ಹೆಚ್ಚಾಗಿ ದಸರೆಯ ಆಸುಪಾಸಿನಲ್ಲೇ ಬರುತ್ತದೆ.

ಹನುಮಂತನಗರ, ಕುಂದಾಪುರ ಮೂಲದವರು

ಇಲ್ಲಿ ಎಲ್ಲರೂ ಗೊಂಬೆಯ ಮಾತನಾಡುತ್ತಿದ್ದೀರಿ. ನಮ್ಮ ಊರ ಕಡೆ ಗೊಂಬೆ ಕೂರಿಸುವ ರೂಢಿ ಇಲ್ಲ. ಆದರೆ ಇದೇ ನವರಾತ್ರಿಯಲ್ಲಿ ಮಕ್ಕಳು ಮನೆಮನೆಗೆ ಹೋಗುವ ಒಂದು ಪದ್ಧತಿ ಇದೆ, ಅದು ನಿಮ್ಮ ಆಲೋಚನೆಗೆ ಬಹಳ ಹತ್ತಿರದ್ದು. ಹೂವಿನಕೋಲು ಎಂದು ಅದರ ಹೆಸರು. ಯಕ್ಷಗಾನದ ಒಬ್ಬ ಭಾಗವತರು, ಒಬ್ಬ ಮದ್ದಳೆಗಾರರು, ಅವರ ಜೊತೆ ಕೆಲವು ಹುಡುಗರು. ಹೂವಿನಿಂದ ಅಲಂಕರಿಸಿದ ಕೋಲನ್ನು ಹಿಡಿದು ಮನೆಯ ಜಗಲಿಯಲ್ಲಿ ಎದುರುಬದುರು ಕುಳಿತು, ಮೊದಲು ಆ ಮನೆಗೆ ಒಳ್ಳೆಯದನ್ನು ಹಾರೈಸುವ ಚೌಪದಿ ಹೇಳಿ, ಆಮೇಲೆ ಒಂದು ಪ್ರಸಂಗದ ತುಣುಕನ್ನು ಹಾಡಿಗೆ ತಕ್ಕ ಮಾತಿನಲ್ಲಿ ನಡೆಸಿಕೊಡುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಇರುವುದು ಹಾಡು ಮತ್ತು ಅರ್ಥ ಮಾತ್ರ. ಎಂಟು ಹತ್ತು ವರ್ಷದ ಹುಡುಗ ಅರ್ಜುನನಾಗಿ ಎದುರಿನ ಹುಡುಗನ ಮಾತಿಗೆ ಮಾತು ಕೊಡುವುದನ್ನು ಮನೆಯವರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಕೊನೆಗೆ ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಕಳಿಸುತ್ತಾರೆ.

ಬೆಂಗಳೂರಿಗೆ ಬಂದ ಮೇಲೆ ತಿಳಿದ ವಿಷಯವೆಂದರೆ, ಹಳೇ ಮೈಸೂರು ಸೀಮೆಯಲ್ಲಿಯೂ ಹಿಂದೆ ಕೂಲಿಮಠದ, ಅಂದರೆ ಹಳೆಯ ಕಾಲದ ಊರ ಶಾಲೆಯ, ಅಯ್ಯನವರು ಮಹಾನವಮಿಯ ಕಾಲಕ್ಕೆ ತಮ್ಮ ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗಿ ಚೌಪದ ಹೇಳಿಸುತ್ತಿದ್ದರು. ಅಂದರೆ ಕರಾವಳಿಯಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಕಲಿತ ಮಾತನ್ನು ಮಕ್ಕಳ ಬಾಯಲ್ಲಿ ಊರಿಗೆ ಹಂಚುವ ಕಾಲ ಇದು. ಗ್ರಂಥಪಾಲಕ ಸರ್ ಹೇಳಿದ ಹಾಗೆ ದೊಡ್ಡವರು ಓದಿ ಹೇಳಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಹಬ್ಬದ ಅರ್ಧವನ್ನು ಮಾತ್ರ ಉಳಿಸಿಕೊಂಡ ಹಾಗೆ. ಬರುವ ಮಗು ಒಂದು ಪದ್ಯವನ್ನೋ ಕಥೆಯ ಒಂದು ಭಾಗವನ್ನೋ ಹೇಳಲಿ, ಮನೆಯವರು ಕುಳಿತು ಕೇಳಲಿ, ಆಮೇಲೆ ಪುಸ್ತಕ ಕೊಡಲಿ. ಮಗು ಆ ಪುಸ್ತಕವನ್ನು ಗಳಿಸಿಕೊಂಡು ಹೋಗಬೇಕು.

ಮಲ್ಲೇಶ್ವರ, ಗೃಹಿಣಿ

ಕೊಡುವ ಮೊದಲು ದಯವಿಟ್ಟು ಪುಸ್ತಕವನ್ನು ಪುಟಪುಟವಾಗಿ ತಿರುವಿ ನೋಡಿ. ಬಣ್ಣ ತುಂಬಿ ಮುಗಿಸಿದ ಪುಸ್ತಕ, ಉತ್ತರ ಬರೆದು ಮುಗಿಸಿದ ವರ್ಕ್‌ಬುಕ್, ನಡುವಿನ ಹಾಳೆ ಹೋದ ಕಥೆ, ಇವು ರದ್ದಿಗೆ ಹೋಗಬೇಕಾದವು. ನಮಗೆ ಬೇಡವಾದದ್ದನ್ನು ಹಬ್ಬದ ದಿನ ಇನ್ನೊಬ್ಬರ ಮಗುವಿನ ಕೈಗೆ ಕೊಡುವುದು ತಪ್ಪು.

ಫ್ರೇಜರ್ ಟೌನ್, ಮೂವರು ಮಕ್ಕಳ ತಾಯಿ

ನನ್ನ ಮಕ್ಕಳು ಪ್ರತಿ ವರ್ಷ ಪಕ್ಕದ ಮನೆಗೆ ಗೊಂಬೆ ನೋಡಲು ಹೋಗುತ್ತಾರೆ. ಅಲ್ಲಿನ ಆಂಟಿ ಅವರಿಗೆ ಉಸಲಿ ಕೊಟ್ಟು ಕೂರಿಸಿ ಕಥೆ ಹೇಳುತ್ತಾರೆ. ಈ ಚರ್ಚೆಯನ್ನು ಓದುತ್ತಾ ಒಂದು ವಿಷಯ ಹೇಳಬೇಕೆನಿಸಿತು. ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವ ಬಗ್ಗೆ ಅಜ್ಜಿಯವರು ಬರೆದಿದ್ದಾರೆ. ನಮ್ಮಲ್ಲಿ ಮಗುವಿಗೆ 4 ವರ್ಷ, 4 ತಿಂಗಳು, 4 ದಿನ ತುಂಬಿದಾಗ ಬಿಸ್ಮಿಲ್ಲಾ ಖ್ವಾನಿ ಮಾಡುವ ರೂಢಿ ಇದೆ. ಹೊಸ ಬಟ್ಟೆ ಹಾಕಿ, ಹಿರಿಯರ ಪಕ್ಕ ಕೂರಿಸಿ, ಮೊದಲ ಅಕ್ಷರಗಳನ್ನು ಹೇಳಿಸಿ, ಬಂದವರಿಗೆಲ್ಲ ಸಿಹಿ ಹಂಚುತ್ತೇವೆ. ಕಲಿಕೆಯ ಆರಂಭವನ್ನು ಹಬ್ಬವಾಗಿ ಮಾಡುವ ಆಸೆ ಎರಡೂ ಮನೆಗಳಲ್ಲಿದೆ ಎಂಬುದನ್ನು ನನ್ನ ದೊಡ್ಡ ಮಗ ತಾನೇ ಗುರುತಿಸಿ, ಪಕ್ಕದ ಮನೆಯ ಆಂಟಿಗೆ ವಿವರಿಸಿ ಬಂದ.

ತ್ಯಾಗರಾಜನಗರದ ಅಕ್ಕ, ನೀವು ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಮನೆಯ ಪದ್ಧತಿ ಬರೆಯುತ್ತೀರಿ ಎಂದಿರಿ. ಬಂದ ಮಗುವಿನ ಮನೆಯ ಪದ್ಧತಿಗೂ ಅಲ್ಲಿ ಜಾಗ ಬಿಡಿ. ಕೆಳಗೆ ನಾಲ್ಕು ಗೆರೆ ಎಳೆದು, "ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ?" ಎಂದು ಕೇಳಿದರೆ ಸಾಕು. ನನ್ನ ಮಕ್ಕಳಿಗೆ ಹೇಳುವುದಕ್ಕೆ ಬೇಕಾದಷ್ಟಿದೆ, ಆದರೆ ಕೇಳುವವರು ಕಡಿಮೆ. ಇನ್ನೊಂದು ಸಲಹೆ: ರಜೆಯ ಆಸುಪಾಸಿನಲ್ಲೇ ಗಾಂಧಿ ಜಯಂತಿಯೂ ಬರುತ್ತದೆ. ಬೊಳುವಾರು ಮಹಮದ್ ಕುಂಞಿ ಅವರು ಮಕ್ಕಳಿಗಾಗಿ ಬರೆದ ಗಾಂಧೀಜಿಯ ಕಥೆಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಯಾವ ಮನೆಯವರೂ ಯಾವ ಮನೆಯ ಮಗುವಿಗೂ ಕೊಡಬಹುದಾದ ಪುಸ್ತಕ ಅದು.

ತ್ಯಾಗರಾಜನಗರ, ಇಬ್ಬರು ಮಕ್ಕಳ ತಾಯಿ

ಖಂಡಿತ ಜಾಗ ಬಿಡುತ್ತೇನೆ, ತಂಗಿ. ಮೊದಲೇ ಇರಬೇಕಾಗಿದ್ದ ಮಾತನ್ನು ಸೇರಿಸಿದಿರಿ.

ಹನುಮಂತನಗರದ ಸರ್, ಹೂವಿನಕೋಲಿನ ವಿವರ ಓದಿ ನನ್ನ ಮಕ್ಕಳಿಗೂ ಓದಿ ಹೇಳಿದೆ. ಆದರೆ ನಿಮ್ಮ ಕೊನೆಯ ಮಾತನ್ನು ಒಪ್ಪಲು ನನಗೆ ಕಷ್ಟ. ಎಲ್ಲ ಮಕ್ಕಳೂ ಅಪರಿಚಿತರ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ನಮ್ಮ ಚಿಕ್ಕವನಂತೂ ಬಾಗಿಲ ಸಂದಿಯಲ್ಲಿ ನಿಂತು ನೋಡುವ ಸ್ವಭಾವದವನು. ಹೇಳಿದರೆ ಮಾತ್ರ ಪುಸ್ತಕ ಎಂದು ಷರತ್ತು ಹಾಕಿದರೆ, ಪುಸ್ತಕ ಯಾರಿಗೆ ಹೆಚ್ಚು ಬೇಕೋ ಅವರೇ ಬರಿಗೈಯಲ್ಲಿ ಹೋಗುತ್ತಾರೆ. ಮಾತು ಕಡಿಮೆ ಇರುವ ಮಗುವಿಗೆ ಪುಸ್ತಕವೇ ಜೊತೆ.

ಹನುಮಂತನಗರ, ಕುಂದಾಪುರ ಮೂಲದವರು

ನಿಮ್ಮ ಮಾತಿನಲ್ಲಿ ನ್ಯಾಯವಿದೆ, ಮೇಡಂ. ಷರತ್ತು ಬೇಡ. ಆದರೆ ಒಂದನ್ನು ಗಮನಿಸಿ. ಹೂವಿನಕೋಲಿನಲ್ಲಿ ಯಾವ ಹುಡುಗನೂ ಒಬ್ಬನೇ ನಿಲ್ಲುವುದಿಲ್ಲ. ಎದುರಿಗೆ ಇನ್ನೊಬ್ಬ ಹುಡುಗ ಇರುತ್ತಾನೆ, ಹಿಂದೆ ಭಾಗವತರ ಹಾಡು, ಮದ್ದಳೆಯ ನಡೆ ಇರುತ್ತದೆ. ಮಾತು ತಪ್ಪಿದರೆ ಹಾಡು ಅವನನ್ನು ಎತ್ತಿಕೊಳ್ಳುತ್ತದೆ. ನಾವು ಇಲ್ಲಿ ಮಗುವನ್ನು ಒಬ್ಬನೇ ನಿಲ್ಲಿಸಿ, ಮೊಬೈಲ್ ಎದುರು ಹಿಡಿದು, "ರೈಮ್ ಹೇಳು" ಎನ್ನುತ್ತೇವೆ. ಮಗು ಹೆದರುವುದು ಅದಕ್ಕೆ. ಗುಂಪಾಗಿ ಹೇಳಿಸಿ, ದೊಡ್ಡವರೂ ದನಿಗೂಡಿಸಿ, ವಿಡಿಯೋ ಮಾಡಬೇಡಿ. ಬಾಗಿಲ ಸಂದಿಯ ಮಗು ಎರಡನೆಯ ಸಲ ತಾನಾಗಿ ಒಂದು ಹೆಜ್ಜೆ ಮುಂದೆ ಬರುತ್ತದೆ. ಬಾರದಿದ್ದರೂ ಪುಸ್ತಕ ಅದರದ್ದೇ.

ಯಲಹಂಕ, ಸರ್ಕಾರಿ ಶಾಲೆಯ ಶಿಕ್ಷಕಿ

ನಾನು ಕೊಪ್ಪಳದವಳು. ನಮ್ಮ ಶಾಲೆಯಲ್ಲಿ ಓದುವ ಅನೇಕ ಮಕ್ಕಳ ತಂದೆ ತಾಯಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ದಸರಾ ರಜೆ ಬಿಟ್ಟ ದಿನವೇ ಬಹಳ ಮಕ್ಕಳು ಊರಿನ ಬಸ್ಸು ಹತ್ತುತ್ತಾರೆ. ಊರಿನಲ್ಲಿ ಇರುವಷ್ಟು ದಿನವೂ ಅವರ ಕೈಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೊಂದು ಅಚ್ಚಾದ ಹಾಳೆ ಇರುವುದಿಲ್ಲ. ಇಲ್ಲಿಯೇ ಉಳಿದ ಮಕ್ಕಳಾದರೋ ಶೆಡ್ಡಿನಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡು ಇರುತ್ತಾರೆ. ಅವರು ಯಾರ ಮನೆಯ ಬಾಗಿಲಿಗೂ ಗೊಂಬೆ ನೋಡಲು ಹೋಗುವುದಿಲ್ಲ. ಹೋದರೂ ಗೇಟಿನ ಕಾವಲುಗಾರರು ಒಳಗೆ ಬಿಡುವುದಿಲ್ಲ. ಆದ್ದರಿಂದ ಮನೆಗೆ ಬಂದವರಿಗೆ ಕೊಡುತ್ತೇವೆ ಎಂಬುದರ ಜೊತೆಗೆ, ಬರಲಾರದವರ ಬಳಿಗೆ ನಾವೇ ಹೋಗುತ್ತೇವೆ ಎಂಬುದೂ ಇರಲಿ. ನಿಮ್ಮ ಮನೆಗೆಲಸಕ್ಕೆ ಬರುವ ಅಕ್ಕನ ಮಕ್ಕಳಿಂದಲೇ ಆರಂಭಿಸಬಹುದು.

ನಮ್ಮ ಕಡೆ ದಸರೆಯ ಮುಖ್ಯ ಸಂಗತಿ ಬನ್ನಿ. ವಿಜಯದಶಮಿಯ ಸಂಜೆ ಬನ್ನಿಯ ಎಲೆ ಹಿಡಿದು ಓಣಿಯ ಎಲ್ಲ ಮನೆಗಳಿಗೆ ಹೋಗಿ, ಹಿರಿಯರ ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟು ತೆಗೆದುಕೊಳ್ಳುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಆ ಸಂಜೆ ಎಲೆ ಕೊಟ್ಟು ಮಾತು ಆಡುತ್ತಾರೆ. ಅಲ್ಲಿ ಒಬ್ಬರು ಕೊಡುವವರು, ಒಬ್ಬರು ಪಡೆಯುವವರು ಎಂಬ ಭೇದ ಇಲ್ಲ, ಕೊಟ್ಟವರೂ ತೆಗೆದುಕೊಳ್ಳಲೇಬೇಕು. ಪುಸ್ತಕವನ್ನೂ ನಾನು ಹಾಗೆಯೇ ಮಾಡಿಸುತ್ತೇನೆ. ನಮ್ಮ ಮಕ್ಕಳ ಬಳಿ ಕೊಡುವುದಕ್ಕೆ ಪುಸ್ತಕ ಇರುವುದಿಲ್ಲ, ಆದರೆ ಕಥೆ ಇರುತ್ತದೆ. ರಜೆಯಲ್ಲಿ ಊರಿನ ಅಜ್ಜಿಯಿಂದ ಒಂದು ಅಡುಗೂಲಜ್ಜಿ ಕಥೆಯನ್ನೋ ಹಬ್ಬದ ಹಾಡನ್ನೋ ಕೇಳಿ, ಹಾಳೆಯ ಮೇಲೆ ಬರೆದು, ಚಿತ್ರ ಬಿಡಿಸಿ ತರಲು ಹೇಳುತ್ತೇನೆ. ಆ ಹಾಳೆಗಳನ್ನು ಹೊಲಿದರೆ ತರಗತಿಗೆ ಒಂದು ಪುಸ್ತಕವಾಗುತ್ತದೆ. ನಗರದ ಮನೆಗಳಿಂದ ಅವರಿಗೆ ಪುಸ್ತಕ ಬಂದಾಗ ಅವರಿಂದ ಈ ಪುಸ್ತಕದ ಪ್ರತಿ ಹೋಗುತ್ತದೆ. ಕಿನ್ನಾಳದ ಗೊಂಬೆ ಮಾಡುವವರ ಕೇರಿಯನ್ನು ನೋಡಿ ಬಂದ ಒಬ್ಬ ಹುಡುಗಿ ಹುಣಸೆಬೀಜದ ಅಂಟಿನಿಂದ ಗೊಂಬೆಯ ಮೈ ನುಣುಪು ಮಾಡುವ ಬಗೆಯನ್ನು ಬರೆದು ತಂದಿದ್ದಳು. ಅಂಥದ್ದನ್ನು ಬೆಂಗಳೂರಿನ ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಹಣ ಕಡಿಮೆ ಇರುವವರಿಗೆ ಒಂದು ದಾರಿ ಹೇಳುತ್ತೇನೆ. ನಮ್ಮ ಬೆಂಗಳೂರಿನಲ್ಲೇ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಿಂದ ಸ್ಟೋರಿವೀವರ್ ಎಂಬ ಜಾಲತಾಣ ನಡೆಸುತ್ತಿದ್ದಾರೆ. ಕನ್ನಡದ ಚಿತ್ರಪುಸ್ತಕಗಳು ಅಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿವೆ. ಇಳಿಸಿಕೊಂಡು, ಮುದ್ರಿಸಿ, ಹಂಚುವುದಕ್ಕೆ ಮುಕ್ತ ಪರವಾನಗಿ ಇದೆ. ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಪುಟವನ್ನು ಮಾತ್ರ ತೆಗೆಯಬಾರದು. ವೈಟ್‌ಫೀಲ್ಡಿನ ಸರ್, ಮೊದಲ ಮಟ್ಟದ ಪುಸ್ತಕಗಳಲ್ಲಿ ಪುಟಕ್ಕೆ ಒಂದೆರಡು ಚಿಕ್ಕ ವಾಕ್ಯಗಳಷ್ಟೇ ಇರುತ್ತವೆ. ನಿಮ್ಮ ಮಗಳು ಅವನ್ನು ತಾನೇ ಓದಿಕೊಳ್ಳಬಲ್ಲಳು. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯ ಪ್ರಕಾರ ಈಗ ಎಲ್ಲ ಶಾಲೆಗಳೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ಆದರೂ ಪರೀಕ್ಷೆಗಾಗಿ ಕಲಿತ ಅಕ್ಷರ ಕಥೆಗಾಗಿ ಓದಿದಾಗ ಮಾತ್ರ ಕೈವಶವಾಗುತ್ತದೆ, ಇದನ್ನು ದಿನವೂ ತರಗತಿಯಲ್ಲಿ ನೋಡುತ್ತಿದ್ದೇನೆ.

ವೈಟ್‌ಫೀಲ್ಡ್, ಎರಡನೆಯ ತರಗತಿಯ ಬಾಲಕಿಯ ತಂದೆ

ಮೇಡಂ, ನಿಮ್ಮ ಬರಹ ಓದಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯವರೊಂದಿಗೆ ಮಾತನಾಡಿದೆ. ವಿಜಯದಶಮಿಗೆ ಮೊದಲ ಭಾನುವಾರ ಕೆಳಗಿನ ಹಾಲ್‌ನಲ್ಲಿ ಸಾಮೂಹಿಕವಾಗಿ ಗೊಂಬೆ ಇಡುವುದೆಂದೂ, ಮನೆಗೆಲಸದವರು, ಕಾವಲುಗಾರರು, ಪಕ್ಕದ ನಿವೇಶನದ ಕಾರ್ಮಿಕರು ಇವರೆಲ್ಲರ ಮಕ್ಕಳಿಗೂ ಗೇಟು ತೆರೆದಿರುವುದೆಂದೂ ತೀರ್ಮಾನವಾಗಿದೆ. ನಮ್ಮ ಮಹಡಿಯಲ್ಲಿರುವ ಬಂಗಾಳಿ ಕುಟುಂಬದವರು ತಾವಾಗಿಯೇ ಸೇರಿಕೊಂಡರು. ದುರ್ಗಾಪೂಜೆಯ ಕಾಲಕ್ಕೆ ಅವರ ಭಾಷೆಯ ಮಕ್ಕಳ ಪತ್ರಿಕೆಗಳು ದಪ್ಪನೆಯ ವಿಶೇಷ ಸಂಚಿಕೆಗಳನ್ನು ತರುತ್ತವಂತೆ, ಹೊಸ ಬಟ್ಟೆಯ ಹಾಗೆ ಅದೂ ಹಬ್ಬದ ಖರೀದಿಯ ಒಂದು ಭಾಗವಂತೆ. ಅವರ ಮಕ್ಕಳು ಆ ಸಂಚಿಕೆಯ ಒಂದು ಕಥೆಯನ್ನು ಕನ್ನಡದಲ್ಲಿ ಹೇಳಲು ನನ್ನ ಮಗಳ ಸಹಾಯ ಕೇಳಿದ್ದಾರೆ. ಅವಳು ಅದಕ್ಕಾಗಿ ಒಂದು ನೋಟ್‌ಬುಕ್ಕನ್ನೇ ತೆರೆದಿದ್ದಾಳೆ.

ರಾಜಾಜಿನಗರ, ಮೊಮ್ಮಕ್ಕಳಿರುವ ಅಜ್ಜಿ

ವಿಶೇಷ ಸಂಚಿಕೆ ಎಂದಾಗ ನೆನಪಾಯಿತು. ಕನ್ನಡದ ಚಂದಮಾಮ ಆರಂಭವಾದದ್ದು 1949ರ ಜುಲೈನಲ್ಲಿ. ನಮ್ಮ ತಂದೆಯವರು ವರ್ಷದ ಸಂಚಿಕೆಗಳನ್ನು ಸೇರಿಸಿ ರಟ್ಟು ಹಾಕಿಸುತ್ತಿದ್ದರು. ಬೇತಾಳನ ಕಥೆಗೆ ಶಂಕರ್ ಬರೆದ ಚಿತ್ರ, ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದ ವಿಕ್ರಮ, ನನ್ನ ಮೊಮ್ಮಗನನ್ನು ಈಗಲೂ ಹಿಡಿದು ಕೂರಿಸುತ್ತದೆ. ಆ ಸಂಪುಟಗಳನ್ನು ಗ್ರಂಥಪಾಲಕರು ಹೇಳಿದಂತೆ ಈ ಸಲ ಮೆಟ್ಟಿಲಿನಲ್ಲಿಯೇ ಇಡುತ್ತೇನೆ, ಮಕ್ಕಳು ಕುಳಿತು ನೋಡಲಿ. ಒಂದೇ ಚಿಂತೆಯೆಂದರೆ ಹಾಳೆಗಳು ಅಂಚಿನಲ್ಲಿ ಪುಡಿಯಾಗುತ್ತಿವೆ. ಸೆಲ್ಲೋಟೇಪು ಹಾಕಲೇ?

ವಿಜಯನಗರ, ನಿವೃತ್ತ ಗ್ರಂಥಪಾಲಕ

ಅಮ್ಮ, ದಯವಿಟ್ಟು ಸೆಲ್ಲೋಟೇಪು ಹಾಕಬೇಡಿ. ಕೆಲವು ವರ್ಷಗಳಲ್ಲಿ ಟೇಪು ಉದುರಿಹೋಗುತ್ತದೆ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದು ಅಕ್ಷರವನ್ನೂ ಕೆಡಿಸುತ್ತದೆ. ಹರಿದ ಕಡೆ ತೆಳುವಾದ ಬಿಳಿ ಟಿಶ್ಯೂ ಕಾಗದದ ಪಟ್ಟಿಯನ್ನು ನೀರಾಗಿ ಕಾಯಿಸಿದ ಮೈದಾ ಅಂಟಿನಿಂದ ಹಚ್ಚಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಹಳೆಯ ಬೈಂಡರುಗಳು ಹುಳ ಬಾರದಿರಲೆಂದು ಆ ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳು ಮುಟ್ಟುವ ಪುಸ್ತಕಕ್ಕೆ ಕೂಡದು. ಪುಡಿಯಾಗುವ ಅಂಚಿಗೆ ಏನನ್ನೂ ಮಾಡಲು ಹೋಗಬೇಡಿ. ಸಂಪುಟವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಪುಟ ತಿರುವುವ ಕೆಲಸವನ್ನು ದೊಡ್ಡವರೊಬ್ಬರು ಮಾಡಿದರೆ ಸಾಕು. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ, ಆದ್ದರಿಂದ ಶಿಕ್ಷಕಿ ಮೇಡಂ ಮಕ್ಕಳ ಹಾಳೆಗಳನ್ನು ಹೊಲಿಸುತ್ತಿರುವುದು ಸರಿಯಾದ ಕ್ರಮ. ನಡುವೆ ಮೂರು ತೂತು, ದಪ್ಪ ದಾರ, ಮೇಲೆ ಖಾಕಿ ಹೊದಿಕೆ.

ಇನ್ನೊಂದು ವಿಷಯ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಇದಕ್ಕೆ ಆಧಾರ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ನಿಮ್ಮ ಬಡಾವಣೆಯ ಶಾಖಾ ಗ್ರಂಥಾಲಯ ನಿಮ್ಮ ಹಣದಿಂದಲೇ ನಡೆಯುತ್ತಿದೆ. ರಜೆಯಲ್ಲಿ ಮಕ್ಕಳನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ದು ಸದಸ್ಯರನ್ನಾಗಿ ಮಾಡಿಸಿ. ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡವನ್ನು ನೋಡಿದ ಮಕ್ಕಳು ಪುಸ್ತಕಕ್ಕಾಗಿಯೇ ಇಷ್ಟು ದೊಡ್ಡ ಮನೆ ಕಟ್ಟಿದ್ದಾರೆಯೇ ಎಂದು ಕೇಳುತ್ತಾರೆ. ಆ ಪ್ರಶ್ನೆ ಅವರಿಂದಲೇ ಬರಲಿ.

ಬನಶಂಕರಿ, ಸಾಗರ ಮೂಲದವರು

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ದಸರೆಗೆ ಎಲ್ಲವೂ ಮುಗಿಯಬೇಕಾಗಿಲ್ಲ ಎಂದು ಹೇಳಲು ಇಷ್ಟೇ ಬರೆಯುತ್ತೇನೆ. ವಿಜಯದಶಮಿಯಾಗಿ ಕೆಲವೇ ದಿನಗಳಲ್ಲಿ ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ದೀವರ ಸಮುದಾಯದ ಮನೆಗಳ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆದು, ಭೂಮಣ್ಣಿ ಬುಟ್ಟಿ ಸಿದ್ಧಮಾಡುತ್ತಾರೆ. ಅದರಲ್ಲಿ ಅಡುಗೆ ತುಂಬಿಕೊಂಡು ಬೆಳಗಿನ ಜಾವ ಗದ್ದೆಗೆ ಹೋಗಿ, ತೆನೆ ಕಟ್ಟುತ್ತಿರುವ ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುತ್ತಾರೆ. ಚಿತ್ತಾರದ ಒಂದೊಂದು ಗೆರೆಗೂ ಒಂದು ಹೆಸರಿದೆ. ರಜೆ ಮುಗಿಯದ ಶಾಲೆಗಳ ಮಕ್ಕಳನ್ನು ಆ ದಿನ ಸೇರಿಸಿ, ಒಂದು ಕಾಗದದ ಮೇಲೆ ಆ ಗೆರೆಗಳನ್ನು ಬರೆಸಿ, ಅದನ್ನೇ ಕೊಡುವ ಪುಸ್ತಕಗಳಿಗೆ ಹೊದಿಕೆ ಮಾಡೋಣ. ನಮ್ಮ ಅಮ್ಮ ಈಗ ನನ್ನ ಜೊತೆಗೇ ಇದ್ದಾರೆ, ಬರೆಯುವುದನ್ನು ಅವರು ಕಲಿಸುತ್ತಾರೆ.

ತ್ಯಾಗರಾಜನಗರ, ಇಬ್ಬರು ಮಕ್ಕಳ ತಾಯಿ

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ತ್ಯಾಗರಾಜನಗರದಿಂದ ಬನಶಂಕರಿ ದೂರವಲ್ಲ, ನಾವೇ ಬರುತ್ತೇವೆ.

ನಮ್ಮ ಬೀದಿಯಲ್ಲಿ ಈಗ ಗಟ್ಟಿಯಾಗಿರುವುದು ಇಷ್ಟು. ಅಮಾವಾಸ್ಯೆಯ ಹಿಂದಿನ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿ ಪುಸ್ತಕಗಳನ್ನು ವಿಂಗಡಿಸುತ್ತೇವೆ. ಮಲ್ಲೇಶ್ವರದ ಮೇಡಂ ಹೇಳಿದಂತೆ ಪುಟಪುಟವನ್ನೂ ನೋಡುತ್ತೇವೆ. ಅತ್ತೆಯವರ ಪುಸ್ತಕಗಳು ಐದನೆಯ ಮೆಟ್ಟಿಲಿಗೆ, ಅವರೇ ಕುಳಿತು ಓದಿ ಹೇಳಲು ಒಪ್ಪಿದ್ದಾರೆ. ಪಾಡ್ಯದಿಂದ ಸರಸ್ವತಿಯ ಆವಾಹನೆಯವರೆಗೆ ಬಂದ ಮಕ್ಕಳಿಗೆ ಅಂದಂದೇ ಪುಸ್ತಕ ಕೊಡುತ್ತೇವೆ, ಪೂಜೆಗಿಟ್ಟವು ವಿಜಯದಶಮಿಯ ಸಂಜೆ ಬನ್ನಿಯ ಎಲೆಯೊಂದಿಗೆ ಹೋಗುತ್ತವೆ. ಶಿಕ್ಷಕಿ ಮೇಡಂ, ಊರಿಗೆ ಹೊರಡುವ ನಿಮ್ಮ ಮಕ್ಕಳಿಗೆ ಶಾಲೆ ಬಿಡುವ ಮೊದಲೇ ಪುಸ್ತಕ ತಲುಪಬೇಕಲ್ಲವೇ? ಎಷ್ಟು ಮಕ್ಕಳು, ಯಾವ ತರಗತಿಯವರು ಎಂದು ತಿಳಿಸಿದರೆ ಅವರ ಪಾಲನ್ನು ಮೊದಲು ಕಟ್ಟಿಡುತ್ತೇವೆ.

ಯಲಹಂಕ, ಸರ್ಕಾರಿ ಶಾಲೆಯ ಶಿಕ್ಷಕಿ

ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು. ಹಾಜರಾತಿ ನೋಡಿ ಸಂಖ್ಯೆಯನ್ನು ನಾಳೆ ಸಂಜೆ ತಿಳಿಸುತ್ತೇನೆ. ಚಿಕ್ಕವರಿಗೆ ಚಿತ್ರ ಹೆಚ್ಚಿರುವ ಪುಸ್ತಕಗಳನ್ನು ಇಡಿ. ಅವರ ಅಜ್ಜಿಯರಲ್ಲಿ ಬಹಳ ಮಂದಿಗೆ ಓದಲು ಬರುವುದಿಲ್ಲ, ಚಿತ್ರ ನೋಡಿಕೊಂಡು ಅವರೇ ಮಕ್ಕಳಿಗೆ ಕಥೆ ಕಟ್ಟಿ ಹೇಳುತ್ತಾರೆ. ಮೊದಲ ಪುಟದ ನಾಲ್ಕು ಗೆರೆಗಳನ್ನು ಮಾತ್ರ ಮರೆಯಬೇಡಿ. ರಜೆ ಮುಗಿಸಿ ಬಂದ ಮೇಲೆ ಅವರು ಬರೆದದ್ದನ್ನು ನಿಮಗೆ ಕಳಿಸುತ್ತೇನೆ.